ವಾಡಿಯ ಸೈಡಿಂಗಿನಲ್ಲಿ ನಿಂತ ಡಬ್ಬಿ: ರೈಲು ದೀಪದ ಕಸುಬಿನ ಚರಿತ್ರೆ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಗೆ ನಿಂತ ಗಾಡಿಯನ್ನೇ ಮನೆ ಮಾಡಿಕೊಂಡು ದಿನಗಟ್ಟಲೆ ಇರುವ ಪದ್ಧತಿ ಮೋಟಾರಿನಿಂದ ಬಂದದ್ದಲ್ಲ, ರೈಲಿನಿಂದ ಬಂದದ್ದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರದ ಕಡೆಯಿಂದ ಶಹಾಬಾದ, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರನ್ನು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಯಿತು. ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ. ಎರಡು ಆಡಳಿತಗಳ ಗಾಡಿಗಳು ಸಂಧಿಸುವ ವಾಡಿಯಂಥ ಜಂಕ್ಷನ್ನಿನಲ್ಲಿ ಡಬ್ಬಿಗಳನ್ನು ಕಳಚಿ, ಪಕ್ಕದ ಹಳಿಯಲ್ಲಿ, ಅಂದರೆ ಸೈಡಿಂಗಿನಲ್ಲಿ, ಇನ್ನೊಂದು ಗಾಡಿ ಬರುವವರೆಗೆ ನಿಲ್ಲಿಸುವುದು ನಿತ್ಯದ ಕೆಲಸವಾಗಿತ್ತು.

ಹೀಗೆ ನಿಲ್ಲುವ ಡಬ್ಬಿಗಳಲ್ಲಿ ವಾಸಕ್ಕೆಂದೇ ಕಟ್ಟಿದವು ಎರಡು ಬಗೆಯವು. ಮಲಗುವ ಕೋಣೆ, ಅಡುಗೆಮನೆ, ಸ್ನಾನದ ಕೋಣೆಗಳನ್ನುಳ್ಳ ಸಲೂನು ಅಧಿಕಾರಿಗಳ ತಪಾಸಣೆಯ ಪ್ರವಾಸಕ್ಕೆ ಮೀಸಲಾಗಿತ್ತು; ಇದರ ರಾಜವೈಭವದ ರೂಪವನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿರುವ ಅರಸು ಮನೆತನದ ಡಬ್ಬಿಗಳಲ್ಲಿ ಈಗಲೂ ಕಾಣಬಹುದು. ಇನ್ನೊಂದು, ಹಳಿಯ ಕೆಲಸದವರು ಉಳಿದುಕೊಳ್ಳುವ ಸಾದಾ ಕ್ಯಾಂಪ್ ಕೋಚು. ಚರಿತ್ರೆಯ ಪುಸ್ತಕಗಳು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆತಿರುವುದು ನ್ಯಾಯವಲ್ಲ, ಏಕೆಂದರೆ ಈ ಸೀಮೆಯ ಹಳಿಯನ್ನು ಸುಸ್ಥಿತಿಯಲ್ಲಿ ಇಟ್ಟವರ ರಾತ್ರಿಗಳು ಕಳೆದದ್ದು ಅಂಥ ಡಬ್ಬಿಗಳಲ್ಲಿಯೇ.

ಮೊದಲು ಡಬ್ಬಿಗಳಲ್ಲಿ ಎಣ್ಣೆಯ ದೀಪಗಳಿದ್ದವು, ಆಮೇಲೆ ಅನಿಲದ ದೀಪಗಳೂ ಬಂದವು. 1890ರ ದಶಕದಲ್ಲಿ ಇಂಗ್ಲೆಂಡಿನ ಜೆ. ಸ್ಟೋನ್ ಕಂಪನಿಯು ಡಬ್ಬಿಯ ಅಡಿಯಲ್ಲಿ ಡೈನಮೋ ತೂಗುಹಾಕಿ, ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ಅದನ್ನು ತಿರುಗಿಸುವ ವ್ಯವಸ್ಥೆಯನ್ನು ರೂಪಿಸಿದ ಮೇಲೆ ಪ್ರತಿ ಡಬ್ಬಿಯೂ ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುವಂತಾಯಿತು. ಭಾರತದ ಹಳೆಯ ಡಬ್ಬಿಗಳಲ್ಲಿ ಇದು 24 ವೋಲ್ಟಿನದಾಗಿತ್ತು, ಅಂದರೆ ತಲಾ 2 ವೋಲ್ಟಿನ 12 ಸೀಸ-ಆಮ್ಲದ ಕೋಶಗಳ ಒಂದು ಸಾಲು. ಗಾಡಿ ಓಡುವಾಗ ಡೈನಮೋ ಈ ಬ್ಯಾಟರಿಯನ್ನು ತುಂಬುತ್ತಿತ್ತು, ನಿಂತಾಗ ಬ್ಯಾಟರಿಯೇ ದೀಪ ಉರಿಸಿ ಫ್ಯಾನ್ ತಿರುಗಿಸುತ್ತಿತ್ತು. ಸೈಡಿಂಗಿನಲ್ಲಿ ನಿಂತ ಡಬ್ಬಿಗೆ ಆದಾಯವಿಲ್ಲ, ಖರ್ಚು ಮಾತ್ರ. ದೀಪದ ಕಸುಬಿನವರ ಮುಂದೆ ಬಂದ ದೂರುಗಳಲ್ಲಿ ಹಲವು ಈ ಸ್ಥಿತಿಯಿಂದ ಹುಟ್ಟುತ್ತಿದ್ದವು.

ದೀಪ ಮಂಕಾದರೆ ದೋಷ ಇರಬಹುದಾದ ಜಾಗಗಳು ಮೂರು: ವಿದ್ಯುತ್ತನ್ನು ಮಾಡುವಲ್ಲಿ, ಕೂಡಿಡುವಲ್ಲಿ, ಒಯ್ಯುವಲ್ಲಿ. ಬೆಲ್ಟು ಸಡಿಲಾಗಿದ್ದರೆ ಅಥವಾ ದಾರಿಯಲ್ಲಿ ಎಲ್ಲಿಯಾದರೂ ಕಳಚಿ ಬಿದ್ದಿದ್ದರೆ ಡಬ್ಬಿಯು ಅರ್ಧ ತುಂಬಿದ ಬ್ಯಾಟರಿಯೊಡನೆ ಬಂದು ನಿಂತಿರುತ್ತಿತ್ತು. ವೇಗ ಕುಗ್ಗಿದಾಗ ಡೈನಮೋವನ್ನು ಬ್ಯಾಟರಿಯಿಂದ ಬೇರ್ಪಡಿಸಬೇಕಾದ ಸ್ವಿಚ್ಚು ಅಂಟಿಕೊಂಡರೆ, ಬ್ಯಾಟರಿಯ ವಿದ್ಯುತ್ತು ನಿಂತ ಡೈನಮೋಗೆ ಹಿಂದಕ್ಕೆ ಹರಿದು ವ್ಯರ್ಥವಾಗುತ್ತಿತ್ತು. ಬ್ಯಾಟರಿಯ ಬಳಿ ಪೂರ್ಣ ವೋಲ್ಟು ಇದ್ದು ದೀಪದ ಬಳಿ ಕಡಿಮೆಯಿದ್ದರೆ ದೋಷವು ತಂತಿಯಲ್ಲೋ, ಫ್ಯೂಸಿನಲ್ಲೋ, ಬಿಳಿಹಸಿರು ಪುಡಿ ಹತ್ತಿದ ಟರ್ಮಿನಲ್ಲಿನಲ್ಲೋ ಇದೆಯೆಂದು ತಿಳಿಯಬೇಕು.

ಈ ಸೀಮೆಯ ನೆಲ ಮತ್ತು ಹವೆ ಕಸುಬಿಗೆ ತಮ್ಮದೇ ತೊಡಕನ್ನು ಸೇರಿಸಿದವು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಇಲ್ಲಿ ಕೋಶಗಳ ನೀರು ಬೇಗ ಆರುತ್ತದೆ, ಫಲಕಗಳ ತಲೆ ಹೊರಗೆ ಕಾಣುತ್ತದೆ, ಹಾಗೆ ಬಯಲಾದ ಭಾಗ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ನೀರು ಹಾಕಬೇಕು, ಆದರೆ ಬಾವಿಯ ನೀರು ನಡೆಯದು: ಶಹಾಬಾದಿ ಕಲ್ಲಿಗೂ ವಾಡಿಯ ಸಿಮೆಂಟಿಗೂ ಮೂಲವಾದ ಸುಣ್ಣಕಲ್ಲಿನ ಪದರಗಳ ಮೂಲಕ ಬಂದ ಆ ನೀರು ಗಡಸಾಗಿದ್ದು, ಅದರಲ್ಲಿ ಕರಗಿದ ಲವಣಗಳು ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತವೆ. ಆದ್ದರಿಂದ ಬಟ್ಟಿ ಇಳಿಸಿದ ನೀರೇ ಬೇಕಾಗುತ್ತಿತ್ತು. ಕೋಶದ ಮುಚ್ಚಳದ ಮೇಲೆ ಕೂತ ಧೂಳು ಆಮ್ಲದ ತೇವವನ್ನು ಹೀರಿಕೊಂಡರೆ, ದೀಪ ಉರಿಯದಿದ್ದಾಗಲೂ ವಿದ್ಯುತ್ತು ಅದರ ಮೇಲೆ ಮೆಲ್ಲಗೆ ಸೋರಿಹೋಗುತ್ತದೆ. ಮುಚ್ಚಳವನ್ನು ಒರೆಸಿ ಒಣಗಿಸುವುದು ದುರಸ್ತಿಯ ಭಾಗವೇ ಆಗಿತ್ತು.

ಈ ಕಸುಬಿನ ಅತ್ಯಂತ ಸುಂದರವಾದ ಪರೀಕ್ಷೆಗೆ ಮೀಟರೂ ಬೇಡ. ರೈಲು ಡಬ್ಬಿಯ ಎರಡು ತಂತಿಗಳಲ್ಲಿ ಯಾವುದೂ ಡಬ್ಬಿಯ ಕಬ್ಬಿಣವನ್ನು ಮುಟ್ಟಬಾರದೆಂಬುದು ನಿಯಮ. ಅದು ಪಾಲನೆಯಾಗಿದೆಯೇ ಎಂದು ನೋಡಲು ಒಂದೇ ಬಗೆಯ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಎರಡು ತುದಿಗಳನ್ನು ಧನ ಮತ್ತು ಋಣ ತಂತಿಗಳಿಗೂ ನಡುವಿನ ಗಂಟನ್ನು ಡಬ್ಬಿಯ ಮೈಗೂ ತಾಗಿಸುತ್ತಾರೆ. ಎರಡೂ ಸಮನಾಗಿ ಮಂಕಾಗಿ ಉರಿದರೆ ಸೋರಿಕೆಯಿಲ್ಲ. ಒಂದು ನಂದಿ ಇನ್ನೊಂದು ಪ್ರಖರವಾದರೆ, ನಂದಿದ ಬಲ್ಬಿನ ಕಡೆಯ ತಂತಿ ಎಲ್ಲೋ ಕಬ್ಬಿಣಕ್ಕೆ ತಾಗಿದೆ. ಆಮೇಲೆ ಒಂದೊಂದೇ ಶಾಖೆಯ ಫ್ಯೂಸನ್ನು ತೆಗೆಯುತ್ತ ಹೋದರೆ, ಯಾವುದನ್ನು ತೆಗೆದಾಗ ಬಲ್ಬುಗಳು ಮತ್ತೆ ಸಮನಾಗುತ್ತವೆಯೋ ಆ ಶಾಖೆಯಲ್ಲಿ ದೋಷ. ಶಹಾಬಾದಿನ ಕಲ್ಲನ್ನೂ ಸಿಮೆಂಟನ್ನೂ ಹೊರುವ ಲಾರಿಗಳ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳಿಂದ ಹೊರಟ ವಿದ್ಯುತ್ತು ಚಾಸಿಯ ಕಬ್ಬಿಣದ ಮೂಲಕವೇ ಹಿಂದಿರುಗುತ್ತದೆ. ರೈಲಿನವನು ದೋಷವೆನ್ನುವ ಸಂಪರ್ಕವನ್ನು ಲಾರಿಯ ಎಲೆಕ್ಟ್ರಿಷಿಯನ್ ಮೊದಲು ಉಜ್ಜಿ ಶುದ್ಧಮಾಡಿ ಬಿಗಿಯುತ್ತಾನೆ. ರೈಲಿಲ್ಲದ ಚಿಂಚೋಳಿಯ ರಸ್ತೆಗಳಲ್ಲಿ ಬಳಕೆಯಾದದ್ದು ಈ ಎರಡನೆಯ ವಿದ್ಯೆ. ರಸ್ತೆಯ ವಾಸದ ವಾಹನ, ಅಂದರೆ ಕ್ಯಾರವಾನ್, ಬಹುಮಟ್ಟಿಗೆ ಲಾರಿಯ ಈ ಕ್ರಮವನ್ನೇ ಪಡೆದಿದೆ.

ಮುಂದೆ ಡೈನಮೋದ ಜಾಗಕ್ಕೆ ಬ್ರಷ್ ಇಲ್ಲದ ಆಲ್ಟರ್ನೇಟರು ಬಂದಿತು, 24 ವೋಲ್ಟು 110 ಆಯಿತು. ಸಾದಾ ಡಬ್ಬಿಗೆ 4.5 ಕಿಲೋವ್ಯಾಟಿನದು, ಹವಾನಿಯಂತ್ರಿತ ಡಬ್ಬಿಗೆ 25 ಕಿಲೋವ್ಯಾಟಿನದು ರೂಢಿಗೆ ಬಂದವು. ಬ್ಯಾಟರಿ ಇಳಿದ ಡಬ್ಬಿಗೆ ಪಕ್ಕದ ಡಬ್ಬಿಯಿಂದ ವಿದ್ಯುತ್ತು ಕೊಡಲು ತುದಿಗಳಲ್ಲಿ ತುರ್ತು ಟರ್ಮಿನಲ್ಲುಗಳೂ ಇರುತ್ತಿದ್ದವು, ಆದರೆ ಒಂಟಿಯಾಗಿ ನಿಂತ ಡಬ್ಬಿಗೆ ಅವುಗಳಿಂದ ಉಪಯೋಗವಿರಲಿಲ್ಲ. ಅಂಥ ಡಬ್ಬಿಗೆ ಹೊರಗಿನ ತಂತಿಯಿಂದ 230 ವೋಲ್ಟು ಎಳೆದಾಗ ತಂತಿ ಕಬ್ಬಿಣವನ್ನು ಮುಟ್ಟಬಾರದೆಂಬ ಹಳೆಯ ನಿಯಮವೊಂದೇ ಸಾಲದು. 24 ವೋಲ್ಟಿನ ಸೋರಿಕೆ ಸಾಮಾನ್ಯವಾಗಿ ಬ್ಯಾಟರಿಯನ್ನು ಬರಿದುಮಾಡುತ್ತಿತ್ತು; 230 ವೋಲ್ಟಿನ ಸೋರಿಕೆ, ನೆಲದ ಮೇಲೆ ನಿಂತು ಡಬ್ಬಿಯ ಹಿಡಿಕೆಯನ್ನು ಹಿಡಿದವನ ಮೈಯೊಳಗೆ ಹರಿಯಬಲ್ಲದು, ಮಳೆಗೆ ಒದ್ದೆಯಾದ ನೆಲದಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಆದಕಾರಣ ಈಗ ಡಬ್ಬಿಯ ಮೈಯನ್ನು ಭೂಮಿಗೆ ಜೋಡಿಸಿ, ಸೋರಿಕೆಯಾದೊಡನೆ ಸರಬರಾಜನ್ನು ಕಡಿಯುವ ಬ್ರೇಕರನ್ನು ಅಳವಡಿಸಬೇಕಾಗುತ್ತದೆ.