ಸೀಮೆಎಣ್ಣೆಯ ಸೀಮೆ ಯಾವುದು?

‘ಎಣ್ಣೆ’ ಅಚ್ಚಗನ್ನಡದ ಮಾತು. ಎಳ್ಳಿನ ‘ಎಳ್’ ಎಂಬುದಕ್ಕೆ ಜಿಡ್ಡೆಂಬ ಅರ್ಥದ ‘ನೆಯ್’ ಸೇರಿ ಆದ ಪದವಿದು. ಹೊಲದಲ್ಲಿ ಬೆಳೆದು ಗಾಣದಲ್ಲಿ ಇಳಿದದ್ದೇ ನಮ್ಮ ಹಿರಿಯರಿಗೆ ಎಣ್ಣೆ. ತುಂಗಭದ್ರೆಯ ದಡದ ಹೊನ್ನಾಳಿ ಸೀಮೆಯಲ್ಲಿಯೂ ಸೊಡರು ಉರಿಯುತ್ತಿದ್ದುದು ಹರಳು, ಹೊಂಗೆಗಳಂಥ ನೆಲದ ಬೀಜಗಳಿಂದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ಎಣ್ಣೆ ಬಂದಿತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಂಬಾತನು ಬಾವಿ ಕೊರೆದು ಶಿಲಾತೈಲವನ್ನು ತೆಗೆದನು. ಅಮೆರಿಕದಿಂದಲೂ, ಆಮೇಲೆ ಬಾಕು ಮತ್ತು ಬರ್ಮಾಗಳಿಂದಲೂ ಅದು ಡಬ್ಬಿಗಳಲ್ಲಿ ನಮ್ಮ ಸಂತೆಗಳಿಗೆ ಇಳಿಯಿತು. ಜನ ಅದನ್ನು ‘ಸೀಮೆಎಣ್ಣೆ’ ಎಂದು ಕರೆದರು. ಸೀಮೆಯೆಂದರೆ ಇಲ್ಲಿ ಪರದೇಶ. ಹೊಗೆ ಕಡಿಮೆ, ಬೆಳಕು ಹೆಚ್ಚು. ಹಣತೆ ಮೂಲೆ ಸೇರಿತು, ಲಾಂದ್ರ ತೂಗಿತು.

ಪರರ ಎಣ್ಣೆಯ ಬೆಲೆ ತಿಳಿದುದು 1942ರಲ್ಲಿ. ಬರ್ಮಾ ಜಪಾನೀಯರ ವಶವಾದೊಡನೆ ಇಲ್ಲಿ ಸೀಮೆಎಣ್ಣೆಗೆ ಬರ ಬಂದಿತು. ಬಸ್ಸುಗಳು ಇದ್ದಿಲಿನ ಅನಿಲದಿಂದ ಏದುತ್ತ ಓಡಿದವು. ಎಲ್ಲಿಯೋ ನಡೆದ ಯುದ್ಧ ನಮ್ಮ ದೀಪದ ಬತ್ತಿಯನ್ನು ಇಳಿಸಿತು.

ದೀಪದ ಮಟ್ಟಿಗೆ ನಮ್ಮ ನಾಡು ಬೇಗ ಎಚ್ಚೆತ್ತಿದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಮೊದಲಿಟ್ಟಿತು. ಆದರೆ ಲಾರಿ, ಟ್ರ್ಯಾಕ್ಟರುಗಳಿಗೆ ಎಣ್ಣೆಯೇ ಬೇಕಾಯಿತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಿಂದಲೇ ಶುದ್ಧೀಕರಣ ನಡೆದಿದ್ದರೂ ಅದು ದೇಶಕ್ಕೆ ಸಾಲದು. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಏರ್ಪಟ್ಟಿತು. 1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿಯೂ, 1974ರಲ್ಲಿ ಮುಂಬಯಿಯ ಕಡಲಿನಲ್ಲಿಯೂ ಎಣ್ಣೆ ದೊರೆಯಿತು. ಅದಕ್ಕೆ ಹಿಂದಿನ ವರ್ಷವೇ ಅರಬ್ ರಾಷ್ಟ್ರಗಳ ನಿರ್ಬಂಧದಿಂದ ಬೆಲೆ ಹಲವು ಪಟ್ಟು ಏರಿದ್ದಿತು.

ಇಷ್ಟಾದರೂ ಬಾವಿಗಿಂತ ಬಾಯಾರಿಕೆ ಬೇಗ ಬೆಳೆಯಿತು. ಇಂದು ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲು ಹೊರಗಿನದು. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಬಂಡೆಯ ಕಣಜಗಳಿವೆ. ವಿಶಾಖಪಟ್ಟಣದ್ದನ್ನೂ ಸೇರಿಸಿ, ಎಲ್ಲವೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನ ಎಂಬುದು ಸರ್ಕಾರದ ಲೆಕ್ಕ. ಮನೆಯ ಹಗೇವಿನಲ್ಲಿ ವರ್ಷದ ಜೋಳ ಇಡುತ್ತಿದ್ದವರ ಮಕ್ಕಳು ನಾವು!

ಈಗ ಎಣ್ಣೆ ಮತ್ತೆ ಹೊಲದ ಕಡೆಗೆ ನೋಡುತ್ತಿದೆ. 2025ರಲ್ಲಿ ಪೆಟ್ರೋಲಿಗೆ ಎಥನಾಲಿನ ಬೆರಕೆ ಶೇಕಡಾ 20ಕ್ಕೆ ಮುಟ್ಟಿತು. ಕಬ್ಬು, ಅಕ್ಕಿಗಳೊಡನೆ ದಾವಣಗೆರೆ ಸೀಮೆಯ ರೈತ ಚೆನ್ನಾಗಿ ಬಲ್ಲ ಮೆಕ್ಕೆಜೋಳವೂ ಅದಕ್ಕೆ ಒದಗುತ್ತದೆ. ರೈತನಿಗೆ ಬೆಲೆ ಬಂದರೆ ಸಂತೋಷವೇ. ಆದರೆ ಕೋಳಿಯ ಮೇವು, ದನದ ಮೇವು, ಮನುಷ್ಯನ ಊಟ ಇವುಗಳ ಪಾಲನ್ನು ಇಂಜಿನ್ನು ಕಸಿಯಬಾರದು. ಹೊಂಗೆಯಾದರೋ ಬದುವಿನ ಮರ, ಅನ್ನದೊಡನೆ ಅದಕ್ಕೆ ಜಗಳವಿಲ್ಲ. ಅದರ ಬೀಜವನ್ನು ಆಯ್ದು ತರುವವರಿಗೆ ತಕ್ಕ ಕೂಲಿ ದೊರೆಯಬೇಕು, ಅಷ್ಟೆ.

‘ಸೀಮೆ’ ಎಂಬ ಮಾತಿಗೆ ಪರದೇಶವೆಂಬಂತೆ ನಮ್ಮ ನಾಡೆಂಬ ಅರ್ಥವೂ ಉಂಟು. ನಾವು ಉರಿಸುವ ಎಣ್ಣೆ ಯಾವ ಸೀಮೆಯದಾಗಬೇಕೆಂಬುದು ಬಾವಿಯನ್ನಷ್ಟೇ ಅಲ್ಲ, ನಮ್ಮ ಮಿತವ್ಯಯವನ್ನೂ ಅವಲಂಬಿಸಿದೆ.