ನೂರು ದ್ರಮ್ಮದ ಶಾಂತಿ

ಸಂಜೆಯ ಲೋಕಲ್ ರೈಲಿನಿಂದ ಅಂಧೇರಿಯಲ್ಲಿ ಇಳಿದು ಮನೆ ಸೇರುವಷ್ಟರಲ್ಲಿ ನಮ್ಮಲ್ಲಿ ಬಹುತೇಕರ ಬಾಯಿಂದ ಹೊರಡುವ ಮಾತು ಒಂದೇ: ನೆಮ್ಮದಿ ಬೇಕಿದ್ದರೆ ಊರಿಗೇ ಹೋಗಬೇಕು. ಹೀಗೆನ್ನುತ್ತಲೇ ನಾವು ಮಹಾಕಾಳಿ ಕೇವ್ಸ್ ರಸ್ತೆಯಲ್ಲಿ ನಿತ್ಯ ಓಡಾಡುತ್ತೇವೆ. ರಸ್ತೆಗೆ ಹೆಸರು ಕೊಟ್ಟ ಗುಹೆಗಳನ್ನು ನೋಡುವ ಬಿಡುವು ಮಾತ್ರ ನಮಗೆ ಒದಗಿರುವುದಿಲ್ಲ.

ಆ ಗುಹೆಗಳ ಇನ್ನೊಂದು ಹೆಸರು ಕೊಂಡಿವಿಟೆ. ಕಪ್ಪು ಬಂಡೆಯ ಗುಡ್ಡವನ್ನು ಕೊರೆದು ಬೌದ್ಧ ಭಿಕ್ಷುಗಳಿಗಾಗಿ ಮಾಡಿದ 19 ಗುಹೆಗಳು ಇಲ್ಲಿವೆ. ಸುಮಾರು ಕ್ರಿ.ಪೂ. 1ನೆಯ ಶತಮಾನದಿಂದ ಕ್ರಿ.ಶ. 6ನೆಯ ಶತಮಾನದವರೆಗೆ ಉಳಿಯ ಕೆಲಸ ಬಿಟ್ಟು ಬಿಟ್ಟು ನಡೆಯಿತು. ಒಂಬತ್ತನೆಯ ಗುಹೆಯಲ್ಲಿ ದುಂಡನೆಯ ಕೋಣೆಯೊಂದಿದೆ. ಒಳಗೆ ಸ್ತೂಪ, ಗೋಡೆಯಲ್ಲಿ ಕಲ್ಲಿನ ಜಾಲಂಧ್ರ. ಸೋದರನೊಡಗೂಡಿ ವಿಹಾರವನ್ನು ದಾನವಿತ್ತ ಬ್ರಾಹ್ಮಣನೊಬ್ಬನ ಶಾಸನವೂ ಅಲ್ಲಿಯೇ ಇದೆ.

ಲೋಕದ ಗೊಡವೆ ಬೇಡವೆಂದವರು ಜನರಿಲ್ಲದ ಕಾಡನ್ನು ಹುಡುಕಿ ಇಲ್ಲಿಗೆ ಬಂದರೆಂದು ಭಾವಿಸುವುದು ಸುಲಭ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಈ ದ್ವೀಪದ ಆಸುಪಾಸಿನಲ್ಲಿದ್ದ ಸೋಪಾರ, ಕಲ್ಯಾಣ, ಚೌಲಗಳು ಅಂದಿನ ದೊಡ್ಡ ವ್ಯಾಪಾರ ಕೇಂದ್ರಗಳು. ಬೊರಿವಲಿಯ ಕಾಡಿನಲ್ಲಿರುವ ಕನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳ ಗೋಡೆಗಳಲ್ಲಿ ಕಲ್ಯಾಣದ, ಸೋಪಾರದ ವರ್ತಕರ ದಾನಗಳು ದಾಖಲಾಗಿವೆ. ಹಡಗು, ಸರಕು, ಸಾಲಗಳ ಚಿಂತೆಯಲ್ಲಿ ಮುಳುಗಿದ್ದವರೇ ಮೌನಕ್ಕೊಂದು ಮನೆ ಕಟ್ಟಿಸಿದರು.

ಕನ್ಹೇರಿಯ ಮೂರು ಶಾಸನಗಳು ಕನ್ನಡಿಗರಾದ ನಮಗೆ ಇನ್ನಷ್ಟು ಹತ್ತಿರದವು. ಇವು 9ನೆಯ ಶತಮಾನದವು, ಭಾಷೆ ಸಂಸ್ಕೃತ. ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರಾದರೂ ಅವರ ಸಾರ್ವಭೌಮನೆಂದು ಇವುಗಳಲ್ಲಿ ಹೆಸರಿಸಲ್ಪಟ್ಟವನು ಮಾನ್ಯಖೇಟದ ಅಮೋಘವರ್ಷ. ‘ಕವಿರಾಜಮಾರ್ಗ’ದೊಡನೆ ನಾವು ನೆನೆಯುವ ನೃಪತುಂಗ. ಭಿಕ್ಷುಗಳ ವಸ್ತ್ರ, ಪುಸ್ತಕ, ವಿಹಾರದ ಜೀರ್ಣೋದ್ಧಾರ, ಧ್ಯಾನಕ್ಕೆ ತಕ್ಕ ಕೋಣೆಗಳು: ಇವು ಆ ದಾನಗಳ ಉದ್ದೇಶ. ಶಕ 775ರ, ಎಂದರೆ ಕ್ರಿ.ಶ. 854ರ ಸುಮಾರಿನ ಶಾಸನದ ದಾನಿ ಅವಿಘ್ನಾಕರ. ಅವನು ಬಂಗಾಳದ ಕಡೆಯ ಗೌಡದೇಶದಿಂದ ಬಂದವನು. ಕೊಟ್ಟದ್ದು ನೂರು ದ್ರಮ್ಮ. ಅವನೂ ನಮ್ಮಂತೆ ಹೊರನಾಡಿಗನೇ.

ಅತ್ತ ಅಮೋಘವರ್ಷನ ಬದುಕೂ ನಿರಾತಂಕವಾಗಿರಲಿಲ್ಲ. ಎಳವೆಯಲ್ಲಿಯೇ ಪಟ್ಟವೇರಿ ಸಾಮಂತರ ದಂಗೆಗಳನ್ನು ಎದುರಿಸಿದ ಅವನು ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಅವನ ಹೆಸರಿನಲ್ಲಿ ಪ್ರಸಿದ್ಧವಾದ ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕೊನೆಯಲ್ಲಿ, ಕರ್ತೃ ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನೆಂಬ ಮಾತಿದೆ. ರಾಜನಿಗೆ ಶಾಂತಿಯ ದಾರಿ ತ್ಯಾಗವಾಗಿ ಕಂಡಿರಬಹುದು. ಆದರೆ ನಾಳೆ ಬೆಳಿಗ್ಗೆ ಮತ್ತೆ ರೈಲು ಹಿಡಿಯಲೇಬೇಕಾದ ನಮಗೆ ಅವನಿಗಿಂತ ಅವಿಘ್ನಾಕರನೇ ದಾರಿ ತೋರುವವನು. ಅವನು ತಾನಿದ್ದ ನೆಲದಲ್ಲಿಯೇ, ತಾನು ಕಾಣದ ನಾಳಿನ ಧ್ಯಾನಿಗಳಿಗೂ ಒದಗುವಂತೆ, ಕೋಣೆಯ ಏರ್ಪಾಡು ಮಾಡಿದನು. ಶಾಂತಿಗೂ ಒಂದು ಜಾಗ ಬೇಕು, ಆ ಜಾಗಕ್ಕೆ ಖರ್ಚು ಬೇಕು, ದುರಸ್ತಿ ಬೇಕು ಎಂಬುದನ್ನು ಈ ಶಾಸನಗಳ ಕಾಲದವರು ನಾಚಿಕೆಯಿಲ್ಲದೆ ಲೆಕ್ಕ ಹಾಕಿದ್ದರು.

ನೆಮ್ಮದಿಯನ್ನು ಊರಿನಲ್ಲಿ ಠೇವಣಿಯಿಟ್ಟು ವರ್ಷಕ್ಕೊಮ್ಮೆ ರಜೆಯಲ್ಲಿ ಅದರ ಬಡ್ಡಿ ತಿನ್ನುವುದು ನಮ್ಮ ರೂಢಿ. ಉಳಿದ ದಿನಗಳಿಗೆ ನಾವು ಏನನ್ನೂ ಎತ್ತಿಡುವುದಿಲ್ಲ. ಕೊಂಡಿವಿಟೆಯ ಮೆಟ್ಟಿಲ ಮೇಲೆ ಕುಳಿತರೆ ವಾಹನಗಳ ಸದ್ದು ಅಡಗುವುದಿಲ್ಲ, ವಿಮಾನವೂ ತಲೆಯ ಮೇಲೆ ಹಾದುಹೋಗುತ್ತದೆ. ಆದರೂ ದುಂಡುಕೋಣೆಯ ಕತ್ತಲೆಯಲ್ಲಿ ನಿಂತ ಒಂದು ಗಳಿಗೆ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಅಷ್ಟಕ್ಕಾಗಿ ಊರಿನವರೆಗೆ ಹೋಗಬೇಕಾಗಿಲ್ಲ.