ಸಕ್ಕರೆ ಕಾಯಿಲೆಯೂ ಹಳ್ಳಿ ಡಾಕ್ಟರರ ಪಾಠವೂ

ಬಳ್ಳಾರಿ–ಚಳ್ಳಕೆರೆ ರಸ್ತೆಯ ರಾಂಪುರದವರಿಗೆ ದೊಡ್ಡ ಕಾಯಿಲೆ ಬಂದರೆ ದಾರಿ ಎರಡು: ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ತಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗ. ಸಕ್ಕರೆ ಕಾಯಿಲೆ ಮಾತ್ರ ಒಮ್ಮೆ ಬಸ್ಸು ಹತ್ತಿ ಹೋಗಿ ಕಳೆದುಕೊಂಡು ಬರುವಂಥದ್ದಲ್ಲ. ತಿಂಗಳು ತಿಂಗಳು ನೋಡಬೇಕಾದವರು ಹತ್ತಿರದ ಎಂಬಿಬಿಎಸ್ ಡಾಕ್ಟರು. ಅವರಿಗೆ ಇದನ್ನು ಬೇರೆಯಾಗಿ ಕಲಿಸಬೇಕೆಂಬ ಯೋಚನೆ ಸರ್ಕಾರಕ್ಕೆ ಬಂದದ್ದು ತೀರಾ ತಡವಾಗಿ.

1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಕ್ಷೆ ಬರೆದಾಗ ಕಣ್ಣೆದುರಿಗಿದ್ದದ್ದು ಮಲೇರಿಯಾ, ಕಾಲರಾ, ಬಾಣಂತಿಯರ ಸಾವು. ಸಕ್ಕರೆ ಕಾಯಿಲೆಗೆಂದು ಬಹುಕಾಲ ಇದ್ದದ್ದು ಒಂದು ಗಾಜಿನ ನಳಿಗೆ. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ಬಣ್ಣ ಹಸಿರಿಗೆ, ಹಳದಿಗೆ, ಇಟ್ಟಿಗೆ ಕೆಂಪಿಗೆ ತಿರುಗಿದಷ್ಟೂ ಸಕ್ಕರೆ ಜಾಸ್ತಿ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ/ಡೆ.ಲೀ. ದಾಟುವವರೆಗೆ ಸಾಮಾನ್ಯವಾಗಿ ಮೂತ್ರದಲ್ಲಿ ಅದು ಕಾಣಿಸಿಕೊಳ್ಳದು. ನೀಲಿ ನೋಡಿ ನೆಮ್ಮದಿಯಿಂದ ಮನೆಗೆ ಹೋದವರಲ್ಲಿ ರೋಗಿಗಳೂ ಇದ್ದರು.

2008ರಲ್ಲಿ ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ತಡೆಯುವ ಕೇಂದ್ರ ಸರ್ಕಾರದ ಪ್ರಾಯೋಗಿಕ ಯೋಜನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಶಿವಮೊಗ್ಗ. 2010ರಲ್ಲಿ ಅದು ದೇಶದ 100 ಜಿಲ್ಲೆಗಳಿಗೆ ಹರಡಿದಾಗ ಚಿತ್ರದುರ್ಗದ ನೆರೆಯ ತುಮಕೂರೂ ಸೇರಿತು. ಚಿತ್ರದುರ್ಗದ ಸರದಿ ಆಮೇಲೆ. ಅದೇ 2010ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಚೆನ್ನೈನ ಡಾ. ಮೋಹನ್ಸ್ ಸಂಸ್ಥೆಯೊಂದಿಗೆ ಸೇರಿ, ಡಾಕ್ಟರರು ಕೆಲಸ ಬಿಡದೆ ತಿಂಗಳಿಗೊಂದು ಪಾಠದಂತೆ ವರ್ಷವಿಡೀ ಕಲಿಯುವ ಮಧುಮೇಹ ಚಿಕಿತ್ಸೆಯ ಸರ್ಟಿಫಿಕೇಟ್ ಕೋರ್ಸ್ ಶುರುಮಾಡಿತು.

ಪಾಠದ ಜಾಗಕ್ಕೆ ಯಂತ್ರ ಬಂದರೆ? ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ ಎಂ-ವೆಲ್‌ಕೇರ್ ಪ್ರಯೋಗದಲ್ಲಿ ಅರ್ಧ ಕೇಂದ್ರಗಳ ನರ್ಸ್‌ಗಳಿಗೆ ಚಿಕಿತ್ಸೆಯ ಸಲಹೆ ಕೊಡುವ ಟ್ಯಾಬ್ಲೆಟ್ ಕಂಪ್ಯೂಟರ್ ಸಿಕ್ಕಿತು; ಉಳಿದ ಕಡೆ ತರಬೇತಿ ಮತ್ತು ಚಿಕಿತ್ಸಾ ಕ್ರಮದ ಚಾರ್ಟು ಅಷ್ಟೇ. 2019ರಲ್ಲಿ ಫಲಿತಾಂಶ ಹೊರಬಿತ್ತು: ಎರಡೂ ಕಡೆ ಬಿಪಿ, ಸಕ್ಕರೆ ಇಳಿದಿದ್ದವು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಟ್ಯಾಬ್ಲೆಟ್ ಮಾರುವವರಿಗೆ ಇದು ರುಚಿಸುವ ಸುದ್ದಿಯೇನಲ್ಲ.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 40,000 ಪ್ರಾಥಮಿಕ ವೈದ್ಯಾಧಿಕಾರಿಗಳ ತರಬೇತಿಗೆ 'ಸಶಕ್ತ್' ಪೋರ್ಟಲ್ ತೆರೆಯಿತು. ಆದರೆ ಪರದೆಯಲ್ಲಿ ಕಲಿಸಲು ಕಷ್ಟವಾದದ್ದು ಕೈಯ ಕೆಲಸ: ರೋಗಿಯ ಚಪ್ಪಲಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ 'ಗೊತ್ತಾಯ್ತಾ?' ಎಂದು ಕೇಳುವುದು. ಶೇಂಗಾ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರ ಪಾದ ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ಹೊರರೋಗಿಗಳ ಸಾಲು ಉದ್ದವಿದ್ದಾಗ ಮೊದಲು ಬಿಟ್ಟುಹೋಗುವುದು ಇದೇ ಪರೀಕ್ಷೆ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ 'ಡಾಕ್ಟ್ರೇ, ನನ್ನ ಪಾದ ನೋಡಿ' ಎಂದು ತಾವೇ ಕೇಳಲಿ.